ಮೈಸೂರು ರಸ್ತೆಯ ಮಜಲುಗಳು

ಅಮೆರಿಕದಿಂದ ರಜಕ್ಕೆ ಬಂದಿದ್ದ ನನ್ನ ಸೋದರಳಿಯ ವಿಜಯನಗರದ ನಮ್ಮ ಮನೆಯಲ್ಲಿ ಕಾಫಿ ಕುಡಿಯುತ್ತ ಆ ದೇಶದಲ್ಲಿ ತಾನು ಮಾಡಿದ ಕಾರು ಪ್ರವಾಸದ ಕಥೆ ಹೇಳಿದ. ಷಿಕಾಗೋದಿಂದ ಪೆಸಿಫಿಕ್ ಸಾಗರದ ದಡದ ಸಾಂಟಾ ಮೋನಿಕಾದವರೆಗೆ ಸುಮಾರು ೩,೯೦೦ ಕಿಲೋಮೀಟರು. ‘ರೂಟ್ ೬೬’ ಎಂದು ಹೆಸರಾದ ಹಳೆಯ ದಾರಿ. ನೋಡಲೇಬೇಕಾದ ಊರುಗಳ ಪಟ್ಟಿ ಅವನ ನಾಲಗೆಯ ತುದಿಯಲ್ಲೇ ಇತ್ತು. ಕೊನೆಗೆ, “ಮಾವ, ಮೈಸೂರಿಗೆ ಹೋಗೋಣವೇ? ಹೊಸ ರಸ್ತೆಯಲ್ಲಿ ಒಂದೂವರೆ ಗಂಟೆಯಂತೆ. ಮಧ್ಯೆ ನಿಂತು ನೋಡುವಂಥದ್ದು ಏನೂ ಇಲ್ಲವಲ್ಲ” ಎಂದ. ನನಗೆ ರೇಗಿತು. “ಹಳೆಯ ರಸ್ತೆಯಲ್ಲಿ ಹೋಗೋಣ, ಆಮೇಲೆ ಹೇಳು” ಎಂದೆ.

ಬ್ಯಾಟರಾಯನಪುರದ ಗಾಳಿ ಆಂಜನೇಯನ ಮುಂದೆ ಕಾರು ನಿಲ್ಲಿಸಿ ಕಾಯಿ ಒಡೆಸಿದ್ದಾಯಿತು. ವಾಹನವೇರಿದವರಿಗೆಲ್ಲ ಈ ದೇವರೇ ಗತಿ. ವ್ಯಾಸರಾಯರು ೧೪೨೫ರಲ್ಲಿ ಈ ಮೂರ್ತಿಯನ್ನು ಪ್ರತಿಷ್ಠಾಪಿಸಿದರೆಂದು ಹೇಳುವ ರೂಢಿಯಿದೆ. ಆ ಇಸವಿಯಲ್ಲಿ ವ್ಯಾಸರಾಯರು ಇನ್ನೂ ಹುಟ್ಟಿರಲಿಲ್ಲ! ಇರಲಿ, ಭಕ್ತಿಗೆ ಪಂಚಾಂಗ ಕಟ್ಟಿಕೊಂಡು ಏನಾಗಬೇಕು? ಅವರ ಗುರುಗಳಾದ ಬ್ರಹ್ಮಣ್ಯತೀರ್ಥರ ಬೃಂದಾವನವಿರುವ ಅಬ್ಬೂರು ಇದೇ ದಾರಿಯ ಚನ್ನಪಟ್ಟಣದ ಬಳಿ ಇದೆ ಎಂಬುದಂತೂ ನಿಜ.

ಕೆಂಗೇರಿಯವರೆಗೆ ತಲೆಯ ಮೇಲೆ ಮೆಟ್ರೋ ಜೊತೆಗೇ ಬಂತು. ೨೦೨೧ರಲ್ಲಿ ಅದು ಅಲ್ಲಿಗೆ ತಲುಪಿದ ಮೇಲೆ ಕೆಂಗೇರಿಯನ್ನು ಯಾರೂ ಪರವೂರೆನ್ನುವುದಿಲ್ಲ. ಆದರೆ ಹಿಂದಿನವರಿಗೆ ಅದು ಮೈಸೂರು ದಾರಿಯ ಮೊದಲನೆಯ ಮಜಲು. ಕೆಂಗೇರಿ, ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ: ಈ ಊರುಗಳ ನಡುವಣ ದೂರವನ್ನು ಲೆಕ್ಕ ಹಾಕಿ ನೋಡಿ. ಸಾಮಾನ್ಯವಾಗಿ ಹದಿನೈದು ಇಪ್ಪತ್ತು ಕಿಲೋಮೀಟರು. ಒಂದೆರಡು ಕಡೆ ಕೊಂಚ ಹೆಚ್ಚು, ಕೊಂಚ ಕಡಿಮೆ. ಹೇರು ಹೊತ್ತ ಎತ್ತು ಒಂದು ದಿನದಲ್ಲಿ ಸುಸ್ತಾಗದೆ ನಡೆಯುವ ದೂರ ಅದು. ಈ ತಾಣಗಳನ್ನು ಆರಿಸಿದವನು ಪ್ರವಾಸಿಯಲ್ಲ, ಎತ್ತು. ಬಿಡದಿಯ ಹೆಸರನ್ನೇ ನೋಡಿ. ಮದುವೆಗೆ ಬಂದ ಬೀಗರನ್ನು ಇಳಿಸುವ ಮನೆಗೂ ನಾವು ಬಿಡದಿ ಎಂದೇ ಹೇಳುತ್ತೇವೆ. ಊರಿನ ಹೆಸರಿಗೆ ಅದೇ ಮೂಲವೆಂದು ನಾನು ಪಟ್ಟು ಹಿಡಿಯುವುದಿಲ್ಲ, ಆದರೆ ತಟ್ಟೆ ಇಡ್ಲಿಯ ಮುಂದೆ ಕುಳಿತಾಗ ಹಾಗೆಂದು ನಂಬುವುದು ಹಿತವಾಗಿರುತ್ತದೆ.

ಟಿಪ್ಪು ಮಡಿದ ಮರುವರ್ಷ, ೧೮೦೦ರ ಮೇ ತಿಂಗಳಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಕಂಪನಿ ಸರ್ಕಾರದ ಆಜ್ಞೆಯಂತೆ ನಾಡನ್ನು ನೋಡುತ್ತ ಬೆಂಗಳೂರಿನಿಂದ ಶ್ರೀರಂಗಪಟ್ಟಣಕ್ಕೆ ಇದೇ ಹಾದಿಯಲ್ಲಿ ಹೋದ. ಮಜಲು ಮಜಲಿಗೂ ಇಳಿದು ಮಣ್ಣು, ಬೆಳೆ, ಕಸಬು ಎಲ್ಲವನ್ನೂ ಬರೆದುಕೊಂಡ. ಚನ್ನಪಟ್ಟಣದಲ್ಲಿ ತಂತಿವಾದ್ಯಗಳಿಗೆ ಬೇಕಾದ ಉಕ್ಕಿನ ತಂತಿ ಎಳೆಯುತ್ತಿದ್ದರೆಂದೂ ಅದು ದೂರದೂರದ ಸೀಮೆಗಳಿಗೆ ಹೋಗುತ್ತಿತ್ತೆಂದೂ ಅವನು ದಾಖಲಿಸಿದ್ದಾನೆ. ಅವನು ಒಂದೂವರೆ ಗಂಟೆಯಲ್ಲಿ ಹೋಗಿದ್ದರೆ ನಮಗೆ ಈ ಸಂಗತಿ ತಿಳಿಯುತ್ತಿರಲಿಲ್ಲ.

ಅದೇ ೧೮೦೦ರಲ್ಲಿ ದಿವಾನ್ ಪೂರ್ಣಯ್ಯನವರು ಈ ದಾರಿಗೆ ಒಂದು ಹೊಸ ಊರನ್ನೇ ಸೇರಿಸಿದರು. ರಾಮಗಿರಿಯ ಸುತ್ತ ಕಾಡು, ಬಂಡೆ, ದಾರಿಹೋಕರಿಗೆ ಭಯ. ಅಲ್ಲೊಂದು ಪೇಟೆ ಕಟ್ಟಿಸಿ, ರೆಸಿಡೆಂಟ್ ಬ್ಯಾರಿ ಕ್ಲೋಸನ ಹೆಸರಿನಲ್ಲಿ ಕ್ಲೋಸ್‌ಪೇಟೆ ಎಂದು ಕರೆದರು. ಅದೇ ಇಂದಿನ ರಾಮನಗರ. ೨೦೨೫ರಲ್ಲಿ ಅದರ ಜಿಲ್ಲೆಯ ಹೆಸರೂ ಬದಲಾಗಿ ಬೆಂಗಳೂರು ದಕ್ಷಿಣವಾಯಿತು. ಭೂವಿಜ್ಞಾನಿಗಳು ಮಾತ್ರ ಇನ್ನೂ ಕ್ಲೋಸ್‌ಪೇಟೆಯ ಗ್ರಾನೈಟು ಎಂದೇ ಹೇಳುತ್ತಾರೆ; ಇನ್ನೂರೈವತ್ತು ಕೋಟಿ ವರ್ಷದ ಕಲ್ಲಿಗೆ ನಮ್ಮ ನಾಮಕರಣಗಳ ಗೊಡವೆಯೇನು? ಅಳಿಯನಿಗೆ ‘ಶೋಲೆ’ಯ ಬೆಟ್ಟ ತೋರಿಸಿದೆ. ಪಕ್ಕದಲ್ಲೇ ಎಚ್.ಎಲ್. ನಾಗೇಗೌಡರ ಜಾನಪದ ಲೋಕ. ಪ್ರವಾಸಿಗಳ ಕಥನಗಳನ್ನು ‘ಪ್ರವಾಸಿ ಕಂಡ ಇಂಡಿಯಾ’ ಎಂದು ಸಂಪುಟ ಸಂಪುಟವಾಗಿ ಕನ್ನಡಕ್ಕೆ ತಂದ ಹಿರಿಯರು ತಮ್ಮ ಕನಸನ್ನು ಪ್ರವಾಸಿಯ ದಾರಿಯ ಮಗ್ಗುಲಲ್ಲೇ ಕಟ್ಟಿದರು.

ಚನ್ನಪಟ್ಟಣದಲ್ಲಿ ಅಳಿಯ ಮಗಳಿಗೆಂದು ಅರಗಿನ ಬಣ್ಣದ ಬುಗುರಿ ಕೊಂಡ. ಅಂಗಡಿಯಾತ ಕಾಗದದಲ್ಲಿ ಸುತ್ತುತ್ತ, “ಮುಂಚೆ ಬಸ್ಸು, ಕಾರು ನಿಂತವು ನಿಂತ ಹಾಗೇ ಇರುತ್ತಿದ್ದವು ಸ್ವಾಮಿ. ಈಗ ಎಲ್ಲ ಆ ಕಡೆಯೇ ಹೊರಟುಹೋಗುತ್ತಾರೆ” ಎಂದು ಗದ್ದವೆತ್ತಿ ತೋರಿಸಿದ. ೨೦೨೩ರ ಮಾರ್ಚ್ ೧೨ರಂದು ಉದ್ಘಾಟನೆಯಾದ ಹೊಸ ಹೆದ್ದಾರಿ ಬಿಡದಿಯಿಂದ ಶ್ರೀರಂಗಪಟ್ಟಣದವರೆಗೆ ಊರೂರನ್ನೂ ಬಳಸಿಕೊಂಡು ಹೋಗುತ್ತದೆ. ವೇಗ ಬೇಡವೆನ್ನಲು ನಾನು ಯಾರು? ಆಂಬುಲೆನ್ಸಿನಲ್ಲಿ ಮಲಗಿದವನಿಗೆ ಬೊಂಬೆ ಅಂಗಡಿ ಬೇಕಿಲ್ಲ. ಆದರೂ ಆತನ ಮುಖ ನೋಡಿ ನನಗೆ ಮಾತು ಹೊರಡಲಿಲ್ಲ.

ಅಳಿಯ ಆಗ ಒಂದು ವಿಷಯ ಹೇಳಿದ. ೧೯೨೬ರಲ್ಲಿ ಹುಟ್ಟಿದ ಅವರ ರೂಟ್ ೬೬ರ ಗತಿಯೂ ಇದೇ ಆಗಿತ್ತಂತೆ. ೧೯೫೬ರ ಕಾನೂನಿನಿಂದ ದೊಡ್ಡ ಹೆದ್ದಾರಿಗಳು ಬಂದವು. ಊರುಗಳು ಒಂದೊಂದಾಗಿ ಬದಿಗೆ ಬಿದ್ದವು. ೧೯೮೫ರಲ್ಲಿ ಆ ರಸ್ತೆಯ ಹೆಸರನ್ನೇ ಸರ್ಕಾರಿ ಪಟ್ಟಿಯಿಂದ ತೆಗೆದುಹಾಕಿದರು. ಅರಿಜೋನಾದ ಸೆಲಿಗ್ಮನ್ ಎಂಬ ಸಣ್ಣ ಊರಿನ ಕ್ಷೌರಿಕ ಏಂಜೆಲ್ ಡೆಲ್ಗಾಡಿಲ್ಲೊ ೧೯೮೭ರಲ್ಲಿ ಊರವರನ್ನು ಕೂಡಿಸಿ ಸಂಘ ಕಟ್ಟಿ, ಹಳೆಯ ದಾರಿಗೆ ‘ಐತಿಹಾಸಿಕ’ ಎಂಬ ಫಲಕ ಹಾಕಿಸಲು ಹೋರಾಡಿದ. ಇವನು ಕಂಡುಬಂದ ‘ನೋಡಲೇಬೇಕಾದ ತಾಣ’ಗಳೆಲ್ಲ ಹಾಗೆ ಉಳಿದವು.

ಮದ್ದೂರಿಗೆ ಮುಂಚೆಯೇ ನಾನು ವಡೆಯ ಆಸೆ ಹತ್ತಿಸಿದ್ದೆ. ೧೯೧೭ರಲ್ಲಿ ಮದ್ದೂರು ರೈಲ್ವೆ ನಿಲ್ದಾಣದಲ್ಲಿ, ಬೇಗ ಬಂದ ರೈಲಿನ ಪ್ರಯಾಣಿಕರಿಗಾಗಿ ಹಿಟ್ಟನ್ನು ಅವಸರದಲ್ಲಿ ತಟ್ಟಿ ಕರಿದಾಗ ಅದು ಹುಟ್ಟಿತೆಂದು ಹೇಳುತ್ತಾರೆ. ಅವಸರವೂ ಒಮ್ಮೊಮ್ಮೆ ಒಳ್ಳೆಯದನ್ನು ಮಾಡುತ್ತದೆ! ವಡೆ ಕೈಯಲ್ಲಿ ಹಿಡಿದೇ ಶಿವಪುರದ ಸತ್ಯಾಗ್ರಹ ಸೌಧಕ್ಕೆ ಹೋದೆವು. ೧೯೩೮ರ ಏಪ್ರಿಲಿನಲ್ಲಿ, ಸಂಸ್ಥಾನದ ನಿಷೇಧವನ್ನು ಮೀರಿ ಸಾವಿರಾರು ಜನ ಅಲ್ಲಿ ತ್ರಿವರ್ಣ ಧ್ವಜ ಹಾರಿಸಿದರು. ಅಳಿಯ ಹುಟ್ಟಿ ಬೆಳೆದದ್ದು ಬೆಂಗಳೂರಿನಲ್ಲೇ. ಈ ಸಂಗತಿ ಅವನಿಗೆ ಗೊತ್ತಿರಲಿಲ್ಲ. ವಡೆಯನ್ನು ಪೊಟ್ಟಣಕ್ಕೆ ಸೇರಿಸಿ, ಕೈ ಒರೆಸಿಕೊಂಡು ಒಳಗೆ ಬಂದ.

ಮಂಡ್ಯದಲ್ಲಿ ನಿಲ್ಲಲಿಲ್ಲ, ೧೯೩೩ರ ಸಕ್ಕರೆ ಕಾರ್ಖಾನೆಯನ್ನು ಕೈಮಾಡಿ ತೋರಿಸಿದೆ. ಶ್ರೀರಂಗಪಟ್ಟಣ ಮುಟ್ಟುವಾಗ ಸಂಜೆಯಾಗಿತ್ತು. ಪೂರ್ಣಯ್ಯನವರು ೧೮೦೪ರಲ್ಲಿ ಕಟ್ಟಿ ಮುಗಿಸಿದ ವೆಲ್ಲೆಸ್ಲಿ ಸೇತುವೆಯ ಕಲ್ಲುಕಂಬಗಳ ನಡುವೆ ಕಾವೇರಿ ಹರಿಯುತ್ತಿದ್ದಳು. ಅಳಿಯ ಗಡಿಯಾರ ನೋಡಿಕೊಂಡ. ಮನೆ ಬಿಟ್ಟು ಒಂಬತ್ತು ಗಂಟೆ ಆಗಿತ್ತು. ಮೈಸೂರು ಇನ್ನೂ ಹದಿನೈದು ಕಿಲೋಮೀಟರು. “ಮಾವ, ಇವತ್ತು ಇಲ್ಲೇ ಇಳಿದುಕೊಳ್ಳೋಣವೇ?” ಎಂದ.