ಗಂಡಿಪೇಟೆ ನೀರು

ಹೈದರಾಬಾದಿಗೆ ಬಂದು ನೆಲೆಸಿದವರಿಗೆ ಇಲ್ಲಿನ ಹಳಬರು ಹೇಳುವ ಮಾತೊಂದಿದೆ. ಗಂಡಿಪೇಟೆಯ ನೀರು ಕುಡಿದವನು ಮತ್ತೆ ಈ ಊರು ಬಿಟ್ಟು ಹೋಗುವುದಿಲ್ಲವಂತೆ. ಸುಲ್ತಾನ್ ಬಜಾರಿನ ಹಿಂದಿನ ಓಣಿಯಲ್ಲಿ ನಾನು ಬಾಡಿಗೆಗೆ ಮನೆ ಹಿಡಿದಾಗ ಮಾಲೀಕರೂ ಅದನ್ನೇ ಹೇಳಿದ್ದರು. "ಗಂಡಿಪೇಟ್ ಕಾ ಪಾನಿ ಪೀ ಲಿಯೇ ಮಿಯಾ, ಅಬ್ ಕಹಾಂ ಜಾತೇ?" ಅವರ ಮಾತೇ ನಿಜವಾಯಿತು ಅನ್ನಿ. ಬೀದರ್ ಜಿಲ್ಲೆಯ ನಮ್ಮೂರಿಗೆ ಈಗ ನಾನು ಹಬ್ಬಕ್ಕೆ ಹೋಗಿ ಬರುವ ನೆಂಟ.

ಬೀದರಿನವರಿಗೆ ಸುಲ್ತಾನ್ ಬಜಾರ್ ಹೊಸ ಜಾಗವೇನಲ್ಲ. 1956ರ ನವೆಂಬರ್ 1ರವರೆಗೆ ಬೀದರ್, ಗುಲ್ಬರ್ಗಾ, ರಾಯಚೂರು ಎಲ್ಲ ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಆಮೇಲೂ ಮದುವೆ ಜವಳಿ ಅಂದರೆ ನಮ್ಮ ಮಂದಿ ಬಸ್ಸು ಹತ್ತುತ್ತಿದ್ದದ್ದು ಇಲ್ಲಿಗೇ. ಇದಕ್ಕೆ ಮೊದಲಿದ್ದ ಹೆಸರು ರೆಸಿಡೆನ್ಸಿ ಬಜಾರ್. ಪಕ್ಕದ ಕೋಠಿಯಲ್ಲಿ ಬ್ರಿಟಿಷ್ ರೆಸಿಡೆಂಟನ ಬಂಗಲೆ ಇತ್ತು, ಅದರ ಸುತ್ತಲಿನ ಪೇಟೆಯ ಆಡಳಿತವೂ ಅವನದೇ. 1933ರಲ್ಲಿ ಪೇಟೆ ನಿಜಾಮರ ಕೈಗೆ ವಾಪಸು ಬಂದಾಗ ಸುಲ್ತಾನ್ ಬಜಾರ್ ಆಯಿತು. ಇಲ್ಲಿಂದ ಮೂಸಿ ನದಿಗೆ ಸ್ವಲ್ಪವೇ ದಾರಿ. ನದಿ ಅಂತ ಕರೆಯುವುದು ಅಭ್ಯಾಸಬಲದಿಂದ. ವರ್ಷದ ಹೆಚ್ಚು ದಿನ ಅದರಲ್ಲಿ ಹರಿಯುವುದು ಊರಿನ ಕೊಳೆ.

2016ರ ಬೇಸಿಗೆಯಲ್ಲಿ ಗಂಡಿಪೇಟೆ ಬತ್ತಿದೆ ಎಂಬ ಸುದ್ದಿ ಬಂತು. ಒಂದು ಭಾನುವಾರ ಮೆಹದಿಪಟ್ಟಣದಲ್ಲಿ ಬಸ್ಸು ಬದಲಿಸಿ ನೋಡಲು ಹೋದೆ. ಅಣೆಕಟ್ಟಿನ ಮೇಲೆ ನಿಂತರೆ ಒಂದು ಕಡೆ ತೋಟ, ಇನ್ನೊಂದು ಕಡೆ ಬಯಲು. ನೀರಿರಬೇಕಾದ ಕಡೆ ಮಣ್ಣು ಬಾಯಿ ಬಿಟ್ಟಿತ್ತು. ಬಿರುಕಿನೊಳಗೆ ಅಂಗೈ ನಿಲ್ಲಿಸಿ ಇಳಿಸಬಹುದಿತ್ತು. ಕಪ್ಪೆಚಿಪ್ಪುಗಳು ಕಾಲ ಕೆಳಗೆ ಹಪ್ಪಳದ ಹಾಗೆ ಮುರಿಯುತ್ತಿದ್ದವು. ದೂರದಲ್ಲಿ ಉಳಿದಿದ್ದ ಒಂದಿಷ್ಟು ಹಸಿರು ನೀರಿನ ಸುತ್ತ ಎಮ್ಮೆಗಳು ನಿಂತಿದ್ದವು. ಕೆರೆ ನೋಡಲು ಬಂದ ಸಂಸಾರಗಳು ಕೆರೆಯ ಒಳಗೇ ಚಾಪೆ ಹಾಸಿ ಬುತ್ತಿ ಬಿಚ್ಚಿದ್ದವು. ಮಕ್ಕಳು ಕ್ರಿಕೆಟ್ ಆಡುತ್ತಿದ್ದರು.

ಈ ಕೆರೆಯ ಸರ್ಕಾರಿ ಹೆಸರು ಉಸ್ಮಾನ್ ಸಾಗರ. ಕುಡಿಯುವ ನೀರಿನ ಕೆರೆ ಅಂತ ಎಲ್ಲರಿಗೂ ಗೊತ್ತು. ಆದರೆ ಅದು ಹುಟ್ಟಿದ್ದು ನೀರಿನ ಕೊರತೆಯಿಂದಲ್ಲ, ನೀರು ಹೆಚ್ಚಾಗಿ.

1908ರ ಸೆಪ್ಟೆಂಬರ್ 28ರಂದು ಮೂಸಿ ಉಕ್ಕಿ ಹೈದರಾಬಾದಿನ ನಡುಭಾಗವನ್ನು ಕೊಚ್ಚಿಕೊಂಡು ಹೋಯಿತು. ಸತ್ತವರು ಹದಿನೈದು ಸಾವಿರ ಎಂಬ ಅಂದಾಜಿದೆ. ಅಫ್ಜಲ್‌ಗಂಜ್‌ನಲ್ಲಿ, ಈಗಿನ ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿ, ಒಂದು ಹುಣಸೆ ಮರವಿದೆ. ಅದನ್ನು ಹತ್ತಿ ನೂರೈವತ್ತು ಮಂದಿ ಜೀವ ಉಳಿಸಿಕೊಂಡರು ಎನ್ನುತ್ತಾರೆ. ಉರ್ದು ಕವಿ ಅಮ್ಜದ್ ಹೈದರಾಬಾದಿ ಬದುಕಿದರು. ಅವರ ತಾಯಿ, ಹೆಂಡತಿ, ಮಗಳು ಕಣ್ಣೆದುರೇ ನೀರುಪಾಲಾದರು.

ಆಗಿನ ನಿಜಾಮ ಮೀರ್ ಮಹಬೂಬ್ ಅಲಿ ಖಾನ್. ಅವರ ಸರ್ಕಾರ ಕರೆಸಿದ್ದು ನಮ್ಮ ಮುದ್ದೇನಹಳ್ಳಿಯ ಎಂ. ವಿಶ್ವೇಶ್ವರಯ್ಯನವರನ್ನು. ಮುಂಬಯಿ ಸರ್ಕಾರದ ನೌಕರಿ ಬಿಟ್ಟು ಯೂರೋಪ್ ಪ್ರವಾಸದಲ್ಲಿದ್ದವರು 1909ರಲ್ಲಿ ಇಲ್ಲಿಗೆ ಬಂದರು. ಬಂದವರು ಊರೊಳಗೆ ದಂಡೆಗೆ ಗೋಡೆ ಎತ್ತರಿಸಿ ಅಂತ ಹೇಳಿ ಹೊರಡಲಿಲ್ಲ. ಹೊಳೆ ಹಿಡಿದು ಮೇಲಕ್ಕೆ ನೋಡಿದರು, ಮಳೆ ಬಿದ್ದ ಪ್ರದೇಶದ ಲೆಕ್ಕ ತೆಗೆದರು. ಊರಿನ ಮೇಲ್ಭಾಗದ ಜಲಾನಯನದಲ್ಲಿ 788 ಕೆರೆಗಳಿದ್ದವು, ಆ ಮಳೆಗೆ 221 ಒಡೆದಿದ್ದವು. ಅಂದರೆ ಊರಿನ ಮೇಲೆ ಬಂದದ್ದು ಆಕಾಶದ ನೀರಷ್ಟೇ ಅಲ್ಲ, ಒಂದರ ಮೇಲೊಂದು ಒಡೆದ ಕೆರೆಗಳ ನೀರೂ ಹೌದು.

ಅವರು ಸೂಚಿಸಿದ ಪರಿಹಾರ ಸರಳ. ಊರಿಗೆ ಮೇಲೆ ಮೂಸಿಗೊಂದು, ಅದರ ಉಪನದಿ ಈಸಿಗೊಂದು ದೊಡ್ಡ ಜಲಾಶಯ ಕಟ್ಟಬೇಕು. ಪ್ರವಾಹ ಬಂದಾಗ ಅವು ನೀರನ್ನು ತಡೆದು ಹಿಡಿದು ಸ್ವಲ್ಪಸ್ವಲ್ಪವಾಗಿ ಬಿಡಬೇಕು. ಹಾಗೆ ತಡೆಯಬೇಕಾದರೆ ಮಳೆಗಾಲದಲ್ಲಿ ಕೆರೆಯಲ್ಲಿ ಜಾಗ ಖಾಲಿ ಇರಬೇಕು ತಾನೆ? ಕುಡಿಯುವ ನೀರಿಗಾದರೋ ಕೆರೆ ತುಂಬಿರಬೇಕು. ಈ ಎರಡು ಆಸೆಗಳ ಜಗ್ಗಾಟ ಅಂದಿನಿಂದಲೂ ಇದೆ. ವರದಿ ಕೊಟ್ಟು ಅದೇ ವರ್ಷದ ನವೆಂಬರಿನಲ್ಲಿ ವಿಶ್ವೇಶ್ವರಯ್ಯನವರು ಮೈಸೂರಿಗೆ ಮುಖ್ಯ ಇಂಜಿನಿಯರಾಗಿ ಹೋದರು. ಕನ್ನಂಬಾಡಿಯ ಕೆಲಸ 1911ರಲ್ಲಿ ಶುರುವಾಯಿತು. ಕನ್ನಂಬಾಡಿ ನಮ್ಮ ಪಾಠಪುಸ್ತಕದಲ್ಲಿತ್ತು, ಗಂಡಿಪೇಟೆ ಇರಲಿಲ್ಲ.

ಉಸ್ಮಾನ್ ಸಾಗರ 1920ಕ್ಕೆ, ಹಿಮಾಯತ್ ಸಾಗರ 1927ಕ್ಕೆ ಮುಗಿದವು. ಮೊದಲನೆಯದರಲ್ಲಿ 3.9 ಟಿಎಂಸಿ, ಎರಡನೆಯದರಲ್ಲಿ ಸುಮಾರು 3 ಟಿಎಂಸಿ ನೀರು ಹಿಡಿಯುತ್ತದೆ. ಗಂಡಿಪೇಟೆ ಊರಿಗಿಂತ ಎತ್ತರದಲ್ಲಿರುವುದರಿಂದ ಅಲ್ಲಿನ ನೀರು ಕಾಲುವೆಯಲ್ಲಿ ತಾನಾಗಿಯೇ ಆಸಿಫ್‌ನಗರದ ಶುದ್ಧೀಕರಣ ಕೇಂದ್ರಕ್ಕೆ ಇಳಿದು ಬರುತ್ತಿತ್ತು. ಪಂಪು ಬೇಡ, ಕರೆಂಟು ಬೇಡ.

ಹಾಗಾದರೆ ಒಣಗಿದ್ದೇಕೆ? 2014 ಮತ್ತು 2015ರಲ್ಲಿ ಮಳೆ ಕೈಕೊಟ್ಟಿದ್ದು ನಿಜ. ಆದರೆ ಸಾಧಾರಣ ಮಳೆಯಾದ ವರ್ಷಗಳಲ್ಲೂ ಕೆರೆಗೆ ಬರುವ ನೀರು ಹಿಂದಿನಷ್ಟಿರಲಿಲ್ಲ. ಮೇಲ್ಭಾಗದಲ್ಲಿ ಕೊಳವೆಬಾವಿಗಳು ಹೆಚ್ಚಿ ಅಂತರ್ಜಲ ಇಳಿಯಿತು, ಹಳ್ಳಗಳಿಗೆ ಚೆಕ್ ಡ್ಯಾಮುಗಳು ಬಂದವು, ಫಾರ್ಮ್‌ಹೌಸುಗಳ ಕಾಂಪೌಂಡು ಹಳ್ಳದ ದಾರಿಗೆ ಅಡ್ಡ ನಿಂತಿತು. 1996ರ ಮಾರ್ಚಿನಲ್ಲಿ ಅಂದಿನ ಆಂಧ್ರಪ್ರದೇಶ ಸರ್ಕಾರ 111ನೇ ಆದೇಶ ಹೊರಡಿಸಿ, ಎರಡೂ ಕೆರೆಗಳ ಹತ್ತು ಕಿಲೋಮೀಟರ್ ಸುತ್ತಿನ 84 ಹಳ್ಳಿಗಳಲ್ಲಿ ಕಾರ್ಖಾನೆ, ದೊಡ್ಡ ಕಟ್ಟಡಗಳನ್ನು ನಿರ್ಬಂಧಿಸಿತ್ತು. 2000ದಲ್ಲಿ ಸುಪ್ರೀಂ ಕೋರ್ಟು ಕೂಡ ಈ ಕೆರೆಗಳ ಪರ ನಿಂತು, ಅಲ್ಲೊಂದು ಕಾರ್ಖಾನೆಗೆ ಅನುಮತಿ ಒಪ್ಪಲಿಲ್ಲ. ಆದರೂ ಕಟ್ಟುವವರು ಕಟ್ಟುತ್ತಲೇ ಇದ್ದರು.

ನನಗೆ ಚುಚ್ಚಿದ್ದು ಇನ್ನೊಂದು ಸಂಗತಿ. ಎರಡು ಕೆರೆ ಸಾಲದಾದಾಗ ಹೈದರಾಬಾದು ಮೊದಲು ಕೈ ಚಾಚಿದ್ದು ನಮ್ಮ ಮಾಂಜ್ರಾ ನದಿಗೆ. ಮಹಾರಾಷ್ಟ್ರದ ಬಾಲಾಘಾಟ್ ಬೆಟ್ಟದಲ್ಲಿ ಹುಟ್ಟಿ, ಲಾತೂರಿನ ಕಡೆಯಿಂದ ಬೀದರ್ ಜಿಲ್ಲೆ ದಾಟಿ ತೆಲಂಗಾಣಕ್ಕೆ ಬರುವ ನದಿ ಅದು. 1960ರ ದಶಕದಿಂದ ಅದರ ನೀರು ಈ ನಗರಕ್ಕೆ ಬರುತ್ತಿದೆ. ಆಮೇಲೆ ಸಿಂಗೂರು ಜಲಾಶಯವೂ ಆಯಿತು. 2016ರಲ್ಲಿ ಅವೂ ಬರಿದಾದವು. ಅದೇ ಏಪ್ರಿಲ್ಲಿನಲ್ಲಿ ಲಾತೂರಿಗೆ ಮೀರಜ್‌ನಿಂದ ರೈಲಿನಲ್ಲಿ ನೀರು ಹೋಯಿತು. ನಮ್ಮೂರಲ್ಲಿ ಮಾಂಜ್ರಾ ಬರೀ ಮರಳು. ಅವ್ವ ಫೋನಿನಲ್ಲಿ ಮೊದಲು ಕೇಳುತ್ತಿದ್ದದ್ದು ಊಟದ ಮಾತಲ್ಲ. "ಅಲ್ಲಿ ನೀರ ಬರ್ತಾವೇನಪಾ?" ಬರ್ತಾವವ್ವ, ದಿನಾ ಬಿಟ್ಟು ದಿನ ಅಂದೆ. "ಯಾವ ಹೊಳಿದು?" ಕೃಷ್ಣಾದು ಅಂದೆ. "ಅದೂ ನಮ್ಮ ಕಡಿಂದನ ಹೋಗ್ತದಲ್ಲ" ಅಂದಳು. ಅವ್ವ ಜಗಳಕ್ಕೆ ಹೇಳಿದ್ದಲ್ಲ, ಲೆಕ್ಕಕ್ಕೆ ಹೇಳಿದ್ದು. ಅವಳು ಆಗ ನೀರಿಗೆ ಟ್ಯಾಂಕರ್ ಕಾಯುತ್ತಿದ್ದಳು.

ಆ ವರ್ಷ ನಗರವನ್ನು ಉಳಿಸಿದ್ದು ಕೃಷ್ಣಾ, ಗೋದಾವರಿ. ಕೃಷ್ಣೆಯ ನೀರು 2004ರಿಂದ ನಾಗಾರ್ಜುನ ಸಾಗರದ ಕಡೆಯಿಂದ, ಗೋದಾವರಿಯದು 2015ರಿಂದ ಯೆಲ್ಲಂಪಲ್ಲಿಯಿಂದ, ನೂರಾರು ಕಿಲೋಮೀಟರ್ ಪೈಪಿನಲ್ಲಿ ಪಂಪಾಗಿ ಬರುತ್ತದೆ. ಹಗಲಿರುಳೂ ಕರೆಂಟು ಸುಡಬೇಕು. ಆದರೂ ನಲ್ಲಿಯಲ್ಲಿ ನೀರು ಬಂತಲ್ಲ, ಜನ ಗಂಡಿಪೇಟೆಯನ್ನು ಮರೆತರು. ನಗರದ ನೀರಿನಲ್ಲಿ ಆ ಕೆರೆಗಳ ಪಾಲು ಈಗ ಬಹಳ ಚಿಕ್ಕದು ಎಂಬ ವಾದ ಬಲವಾಗಿ, 2022ರಲ್ಲಿ 111ನೇ ಆದೇಶದ ನಿರ್ಬಂಧಗಳನ್ನು ತೆಗೆದುಹಾಕಿದರು.

ಕುಡಿಯುವ ನೀರಿನ ಲೆಕ್ಕದಲ್ಲಿ ಆ ವಾದ ಸರಿಯೇ ಇರಬಹುದು. ಆದರೆ ವಿಶ್ವೇಶ್ವರಯ್ಯನವರ ಲೆಕ್ಕ ಅದಾಗಿರಲಿಲ್ಲವಲ್ಲ! 2020ರ ಅಕ್ಟೋಬರಿನಲ್ಲಿ ಮಳೆ ಹಿಡಿದು ಹಿಮಾಯತ್ ಸಾಗರ ತುಂಬಿ ಬಾಗಿಲು ತೆರೆದರು. ಮರುವರ್ಷ ಉಸ್ಮಾನ್ ಸಾಗರದ ಸರದಿ. ನಾನು ನಿಂತಿದ್ದ ಬಿರುಕು, ಬುತ್ತಿ ಬಿಚ್ಚಿದ್ದ ಬಯಲು, ಕ್ರಿಕೆಟ್ ಪಿಚ್ಚು ಎಲ್ಲ ನೀರಡಿಗೆ ಹೋಗಿತ್ತು. 2025ರ ಸೆಪ್ಟೆಂಬರ್ ಕೊನೆಗೆ ಮೂಸಿ ಮತ್ತೆ ಉಕ್ಕಿ ಇಮ್ಲಿಬನ್ ಬಸ್ ನಿಲ್ದಾಣದೊಳಗೆ ನುಗ್ಗಿತು. ಬೀದರ್ ಬಸ್ಸಿಗೆ ನಾವು ಕಾಯುವ ಜಾಗ ಅದು.

ಒಣಗಿದ ಕೆರೆಯನ್ನು ನೋಡಿ ಇದಿನ್ನು ಕೆಲಸಕ್ಕೆ ಬಾರದು, ನಿವೇಶನ ಮಾಡಬಹುದು ಅನ್ನುವುದು ಹೈದರಾಬಾದಿನವರದಷ್ಟೇ ಬುದ್ಧಿಯಲ್ಲ. ಬೆಂಗಳೂರಿನಲ್ಲೂ ಧರ್ಮಾಂಬುಧಿ ಕೆರೆಯ ಮೇಲೆ ಬಸ್ಸುಗಳು ನಿಲ್ಲುತ್ತವೆ. ಗಂಡಿಪೇಟೆಯಲ್ಲಿ ನಿಂತು ನನಗೆ ತಿಳಿದದ್ದು ಇಷ್ಟೇ: ಕೆರೆಯಲ್ಲಿ ನೀರಿಲ್ಲದ ಜಾಗವೂ ಕೆರೆಯೇ. ಅದು ಬರಲಿರುವ ನೀರಿಗೆಂದು ಬಿಟ್ಟ ಜಾಗ. ಆ ಜಾಗ ಬಿಡಿ ಅಂತ ಲೆಕ್ಕ ಹಾಕಿ ಹೇಳಿದವರು ನಮ್ಮ ಕಡೆಯವರು. ಇಲ್ಲಿ ನೀರು ಕುಡಿದು ಬಾಳುವ ನಮ್ಮಂಥವರು ಕೊನೇಪಕ್ಷ ಅಷ್ಟನ್ನಾದರೂ ಮರೆಯಬಾರದು.