ಕರಪತ್ರದ ಮಾತು, ಪ್ರೆಸ್ ನೋಟಿನ ಮಾತು: ತುಮಕೂರು ಸೀಮೆಯ ಪ್ರಚಾರದ ಹಾದಿ

1884ರಲ್ಲಿ ಹುಟ್ಟಿದ ಗುಬ್ಬಿ ಚನ್ನಬಸವೇಶ್ವರ ನಾಟಕ ಸಂಘ ಯಾವ ಊರಲ್ಲಿ ಕ್ಯಾಂಪ್ ಹಾಕಿದರೂ ಅದರ ಸುದ್ದಿ ಪರದೆ-ಪೆಟ್ಟಿಗೆಗಳಿಗಿಂತ ಮೊದಲೇ ಅಲ್ಲಿಗೆ ಮುಟ್ಟಿರಬೇಕಿತ್ತು. ವೃತ್ತಿ ಕಂಪನಿಗಳ ಹೊಟ್ಟೆಪಾಡೇ ಹಾಗೆ. ಎತ್ತಿನ ಗಾಡಿ, ವಾದ್ಯದವರು, ಸಂತೆಯಲ್ಲಿ ಕೈಗೆ ತುರುಕುವ ಬಣ್ಣದ ಕರಪತ್ರ. 1917ರಲ್ಲಿ ಕಂಪನಿಯ ಒಡೆತನ ವಹಿಸಿಕೊಂಡ ಗುಬ್ಬಿ ವೀರಣ್ಣನವರು (1891–1972) ‘ಕುರುಕ್ಷೇತ್ರ’ ನಾಟಕಕ್ಕೆ ನಿಜವಾದ ಆನೆ, ಕುದುರೆಗಳನ್ನೇ ತಂದು ನಿಲ್ಲಿಸಿದರು. ಆನೆ ಬರುತ್ತದೆಂದು ಸಾರಿದ ಮೇಲೆ ರಾತ್ರಿ ಆನೆ ಬರಲೇಬೇಕು. ಬಾರದಿದ್ದರೆ ಜನ ಅಲ್ಲೇ ಗಲಾಟೆ ಎಬ್ಬಿಸುತ್ತಾರೆ, ಮಾರನೆಯ ದಿನ ಗಲ್ಲಾಪೆಟ್ಟಿಗೆ ಬರಿದಾಗುತ್ತದೆ. ಆಡಿದ ಮಾತಿಗೂ ಅದರ ಪರೀಕ್ಷೆಗೂ ನಡುವೆ ಇದ್ದದ್ದು ಕೆಲವೇ ಗಂಟೆ. ಆ ಅಂತರ ಹಿಗ್ಗುತ್ತಾ ಹೋದ ಕಥೆಯೇ ನಮ್ಮ ಜಿಲ್ಲೆಯ ಪ್ರಚಾರದ ಚರಿತ್ರೆ ಎಂಬುದು ನನ್ನ ಅಭಿಪ್ರಾಯ.

ಸರ್ಕಾರದ ಕಡೆಯ ಕಥೆ ಇದಕ್ಕಿಂತ ಸ್ವಲ್ಪ ಹಳೆಯದು. ದಿವಾನ್ ರಂಗಾಚಾರ್ಲು 1881ರ ಅಕ್ಟೋಬರ್ 7ರಂದು ಮೈಸೂರಿನಲ್ಲಿ 144 ಜನರ ಪ್ರಜಾಪ್ರತಿನಿಧಿ ಸಭೆಯನ್ನು ಸೇರಿಸಿದರು. ದಿವಾನರು ಆಡಳಿತದ ಲೆಕ್ಕ ಒಪ್ಪಿಸುವುದು, ತಾಲ್ಲೂಕುಗಳಿಂದ ಬಂದವರು ಅಹವಾಲು ಹೇಳುವುದು, ಇಷ್ಟೇ ಅದರ ಕೆಲಸ. ಕಾನೂನು ಮಾಡುವ ಅಧಿಕಾರ ಅದಕ್ಕೆ ಇರಲಿಲ್ಲ. ಆದರೂ ಸರ್ಕಾರ ತನ್ನ ಕೆಲಸವನ್ನು ಜನರೆದುರು ಹೇಳಿಕೊಳ್ಳುವ, ಜನ ಎದ್ದುನಿಂತು ಕೇಳುವ ರೂಢಿ ಅಲ್ಲಿ ಬಿತ್ತು. ಮುಂದೆ ಅಮೆರಿಕದಲ್ಲಿ 1906ರಲ್ಲಿ ಐವಿ ಲೀ ಎಂಬಾತ ರೈಲು ಅಪಘಾತವೊಂದನ್ನು ಮುಚ್ಚಿಡದೆ, ಕಂಪನಿಯಿಂದಲೇ ಹೇಳಿಕೆ ಕೊಡಿಸಿ, ವರದಿಗಾರರನ್ನು ಸ್ಥಳಕ್ಕೆ ಕರೆದೊಯ್ದ. ಪ್ರೆಸ್ ನೋಟಿನ ಆರಂಭವನ್ನು ಅಲ್ಲಿಂದ ಎಣಿಸುವವರಿದ್ದಾರೆ. ಎರಡೇ ವರ್ಷಕ್ಕೆ ಮೈಸೂರಿನಲ್ಲಿ ಇದಕ್ಕೆ ತದ್ವಿರುದ್ಧವಾದದ್ದು ನಡೆಯಿತು. 1908ರ ಪತ್ರಿಕಾ ಕಾಯಿದೆ ಟೀಕೆಯ ಬಾಯಿಗೆ ಬೀಗ ಹಾಕಲು ಹೊರಟಿತು. ತಾತಯ್ಯ ಎಂದೇ ಹೆಸರಾದ ಎಂ. ವೆಂಕಟಕೃಷ್ಣಯ್ಯನವರು ಪ್ರತಿಭಟಿಸಿ ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದರು.

ಸ್ವಾತಂತ್ರ್ಯದ ನಂತರ ಸರ್ಕಾರದ ಮಾತನ್ನು ಜನರಿಗೆ ಮುಟ್ಟಿಸುವ ಕೆಲಸ ವಾರ್ತಾ ಇಲಾಖೆಯ ಪಾಲಾಯಿತು. ಇಲಾಖೆಯ ಟಿಪ್ಪಣಿ, ಜಿಲ್ಲಾ ಪತ್ರಿಕೆಗಳು, 2004ರಲ್ಲಿ ಸ್ಥಾಪನೆಯಾದ ತುಮಕೂರು ವಿಶ್ವವಿದ್ಯಾಲಯ, ಅಲ್ಲಿನ ಪತ್ರಿಕೋದ್ಯಮ ತರಗತಿಗಳು: ವ್ಯವಸ್ಥೆ ಬೆಳೆಯಿತು. ಆದರೆ ಬೆರಳೆಣಿಕೆಯ ವರದಿಗಾರರಿರುವ ಸಣ್ಣ ಪತ್ರಿಕೆಗೆ ಬಂದ ಟಿಪ್ಪಣಿಯನ್ನು ಹಾಗೆಯೇ ಅಚ್ಚು ಹಾಕುವುದು ಸುಲಭ, ಅದನ್ನು ಹಿಡಿದು ಊರಿಗೆ ಹೋಗಿ ನೋಡುವುದು ದುಬಾರಿ.

ಪ್ರಚಾರ ವಿಭಾಗವಿಲ್ಲದೆಯೇ ಹೆಸರು ಗಳಿಸಿದ್ದು ತುಮಕೂರಿನ ಸಿದ್ಧಗಂಗಾ ಮಠ. ಅದರ ಮಠಾಧಿಪತಿ ಶಿವಕುಮಾರ ಸ್ವಾಮೀಜಿ 2019ರ ಜನವರಿ 21ರಂದು ತಮ್ಮ 111ನೇ ವಯಸ್ಸಿನಲ್ಲಿ ಲಿಂಗೈಕ್ಯರಾದಾಗ ಸೇರಿದ ಜನಸಾಗರವನ್ನು ಯಾರೂ ಕರಪತ್ರ ಹಂಚಿ ಕರೆದಿರಲಿಲ್ಲ. ದಶಕಗಳ ಅನ್ನ, ಅಕ್ಷರ ದಾಸೋಹವನ್ನು ಉಂಡವರು, ಕಂಡವರು ಬಂದಿದ್ದರು. ಆ ಹೆಸರಿನ ನೆರಳಲ್ಲಿ ನಿಂತು ಫೋಟೊ ತೆಗೆಸಿಕೊಳ್ಳಲು ಎಲ್ಲ ಪಕ್ಷದವರೂ ಬರುತ್ತಾರೆ. ಮಠದ ಪುಣ್ಯ ಅವರ ಲೆಕ್ಕಕ್ಕೆ ಜಮೆಯಾಗುವುದಿಲ್ಲ ಎಂಬ ಎಚ್ಚರ ನೋಡುವವರಿಗೆ ಇರಬೇಕು.

ಇನ್ನು ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್. 615 ಎಕರೆಯಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆಗೆ ಪ್ರಧಾನಿ ನರೇಂದ್ರ ಮೋದಿ 2016ರ ಜನವರಿ 3ರಂದು ಅಡಿಗಲ್ಲು ಹಾಕಿದರು. 2018ಕ್ಕೆ ಮೊದಲ ಹೆಲಿಕಾಪ್ಟರ್ ಹಾರಲಿದೆ ಎಂಬ ಮಾತು ಆಗ ಕೇಳಿಬಂತು. ಕಾರ್ಖಾನೆ ಉದ್ಘಾಟನೆಯಾದದ್ದು 2023ರ ಫೆಬ್ರುವರಿ 6ರಂದು. ಅಂದು ಪ್ರಧಾನಿಯವರು ಎಚ್‌ಎಎಲ್ ಹೆಸರಿನಲ್ಲಿ ತಮ್ಮ ಸರ್ಕಾರದ ಮೇಲೆ ಕೇಳಿಬಂದಿದ್ದ ಆರೋಪಗಳು ಸುಳ್ಳಾದವು ಎಂದರು. ರಫೇಲ್ ಯುದ್ಧವಿಮಾನ ಖರೀದಿಯ ವಿವಾದಕ್ಕೆ ಉತ್ತರವೂ ಗುಬ್ಬಿಯ ವೇದಿಕೆಯಿಂದಲೇ ಹೋಯಿತು. ಸರ್ಕಾರದ ಪ್ರಕಟಣೆಯಲ್ಲಿದ್ದ ಅಂಕಿಗಳು ಇವು: ಮೊದಲು ವರ್ಷಕ್ಕೆ ಸುಮಾರು 30 ಹೆಲಿಕಾಪ್ಟರ್, ಆಮೇಲೆ 60, 90. ಇಪ್ಪತ್ತು ವರ್ಷದಲ್ಲಿ ಸಾವಿರಕ್ಕೂ ಹೆಚ್ಚು, ನಾಲ್ಕು ಲಕ್ಷ ಕೋಟಿ ರೂಪಾಯಿಗೂ ಮೀರಿದ ವಹಿವಾಟು. ಕಾರ್ಖಾನೆ ಬಂದದ್ದು ನಮ್ಮ ಹೆಮ್ಮೆಯೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆನೆ ಬಂತೇ ಎಂದು ಅದೇ ರಾತ್ರಿ ನೋಡುತ್ತಿದ್ದ ಊರಿನವರು ಈಗ ಇಪ್ಪತ್ತು ವರ್ಷ ಕಾಯಬೇಕು. ಅಷ್ಟರಲ್ಲಿ ಪ್ರಕಟಣೆ ಯಾರ ಬಳಿಯೂ ಉಳಿದಿರುವುದಿಲ್ಲ. ವರ್ಷಕ್ಕೆ ಎಷ್ಟು ಹೊರಬಂದವು, ಸುತ್ತಲಿನ ಹಳ್ಳಿಯ ಎಷ್ಟು ಮಕ್ಕಳಿಗೆ ಕೆಲಸ ಸಿಕ್ಕಿತು ಎಂದು ಕೇಳುವುದು ದ್ರೋಹವೂ ಅಲ್ಲ, ಕೊಂಕೂ ಅಲ್ಲ.

ಹೇಮಾವತಿ ನೀರಿನ ವಿಚಾರದಲ್ಲಿ ಪೆಟ್ಟು ಬಿದ್ದದ್ದು ನೇರವಾಗಿ ನಮ್ಮ ನಮ್ಮಲ್ಲೇ. ಗುಬ್ಬಿ ಕಡೆಯಿಂದ ಕುಣಿಗಲ್‌ಗೆ ಪೈಪಿನಲ್ಲಿ ನೀರೊಯ್ಯುವ ಎಕ್ಸ್‌ಪ್ರೆಸ್ ಲಿಂಕ್ ಕೆನಾಲ್ ವಿರುದ್ಧ 2025ರ ಮೇ 31ರಂದು ಗುಬ್ಬಿ ತಾಲ್ಲೂಕಿನಲ್ಲಿ ನಿಷೇಧಾಜ್ಞೆಯ ನಡುವೆಯೂ ದೊಡ್ಡ ಪ್ರತಿಭಟನೆ ನಡೆಯಿತು. ಗುಬ್ಬಿ, ತುಮಕೂರಿನವರು ‘ನಮ್ಮ ನೀರು ಪಕ್ಕದ ಜಿಲ್ಲೆಯ ಮಾಗಡಿಗೆ ಹೋಗುತ್ತದೆ’ ಎಂದರು. ‘ನಾಲೆಯ ಕೊನೆಯಲ್ಲಿರುವ ನಮಗೆ ನಮ್ಮ ಪಾಲೇ ಮುಟ್ಟುತ್ತಿಲ್ಲ’ ಎಂಬುದು ಕುಣಿಗಲ್‌ನವರ ಅಳಲು. ಇವೆರಡೂ ಬರಿಯ ಘೋಷಣೆಯಲ್ಲ, ಅಳೆದು ನೋಡಬಹುದಾದ ಮಾತುಗಳು. ಯಾವ ತಾಲ್ಲೂಕಿಗೆ ಎಷ್ಟು ಟಿಎಂಸಿ ಹಂಚಿಕೆ? ಕಳೆದ ಹತ್ತು ವರ್ಷ ಯಾವ ಕಿಲೋಮೀಟರಿನಲ್ಲಿ ಎಷ್ಟು ಹರಿದಿದೆ? ಪೈಪಿನ ಸಾಮರ್ಥ್ಯ ಹಂಚಿಕೆಗೆ ಸರಿಯಾಗಿದೆಯೇ, ಮೀರಿದೆಯೇ? ವೇದಿಕೆಗಳಲ್ಲಿ ಈ ಪ್ರಶ್ನೆಗಳಿಗಿಂತ ಹೆಚ್ಚು ಕೇಳಿಸಿದ್ದು ನಾಯಕರ ಹೆಸರು. ವಾಟ್ಸ್‌ಆ್ಯಪ್ ಗುಂಪುಗಳಲ್ಲಂತೂ ಯಾರು ಯಾವ ಊರಿನವರು ಎಂಬುದರ ಮೇಲೆಯೇ ಸತ್ಯ ತೀರ್ಮಾನವಾಗುತ್ತದೆ. ಅಕ್ಕಪಕ್ಕದ ತಾಲ್ಲೂಕಿನ ರೈತರು ಒಬ್ಬರನ್ನೊಬ್ಬರು ವೈರಿಗಳಂತೆ ನೋಡುವ ಸ್ಥಿತಿ ಬಂದದ್ದಕ್ಕೆ ನೀರಿನ ಕೊರತೆಯಷ್ಟೇ ಲೆಕ್ಕದ ಕೊರತೆಯೂ ಕಾರಣ ಎಂದು ನಾನು ನಂಬಿದ್ದೇನೆ.

ಹಾಗಾಗಿ ಗುಬ್ಬಿ, ಕುಣಿಗಲ್, ತುಮಕೂರಿನ ಓದುಗರಲ್ಲಿ ಒಂದು ಮನವಿ. ಪತ್ರಿಕೆಯಲ್ಲಿ ಬಂದ ಭರವಸೆಯನ್ನು ದಿನಾಂಕ ಬರೆದು ಎತ್ತಿಟ್ಟುಕೊಳ್ಳಿ, ಗಡುವು ಮುಗಿದ ದಿನ ತೆಗೆದು ನೋಡಿ. ನೀರಿನ ಲೆಕ್ಕ ಬೇಕಿದ್ದರೆ ಮಾಹಿತಿ ಹಕ್ಕಿನಡಿ ಕೇಳಿ. ಕರ್ನಾಟಕ ತನ್ನದೇ ಮಾಹಿತಿ ಹಕ್ಕು ಕಾಯಿದೆಯನ್ನು 2000ದಲ್ಲೇ ಮಾಡಿತ್ತು, 2005ರಿಂದ ಕೇಂದ್ರದ ಕಾಯಿದೆಯಿದೆ. ಅರ್ಜಿ ಶುಲ್ಕ 10 ರೂಪಾಯಿ, ಉತ್ತರ ಕೊಡಲು ಕಚೇರಿಗೆ ಇರುವ ಅವಧಿ 30 ದಿನ.