ರಾ–ಜೆಪೆಗ್ ಗುಂಪುಗೂಡಿಕೆ
ಮೊಬೈಲಿನ ಒಂದೇ ಕ್ಲಿಕ್ಕಿಗೆ ಹುಟ್ಟುವ ರಾ (ಸಂಸ್ಕರಿಸದ ಕಚ್ಚಾ ಚಿತ್ರ) ಮತ್ತು ಜೆಪೆಗ್ ಕಡತಗಳನ್ನು ಗ್ಯಾಲರಿ ತಂತ್ರಾಂಶವು ಒಂದೇ ಚಿತ್ರವಾಗಿ ತೋರಿಸುವ ವ್ಯವಸ್ಥೆ. ಆಂಡ್ರಾಯ್ಡ್ 5.0 (2014) ಬಂದ ಮೇಲೆ ಹಲವು ಆಂಡ್ರಾಯ್ಡ್ ಫೋನುಗಳಲ್ಲಿ ಡಿಎನ್‌ಜಿ ರೂಪದ ರಾ ಕಡತಗಳು ಬಳಕೆಗೆ ಬಂದವು. ಬೆಂಗಳೂರಿನ ಕಲಾಸಿಪಾಳ್ಯ ಬಸ್ ನಿಲ್ದಾಣದ ಬಳಿಯ ಟಿಪ್ಪು ಬೇಸಿಗೆ ಅರಮನೆಯಲ್ಲಿ (1791) ರಾ ಕಡತದ ಬೆಲೆ ತಿಳಿಯುತ್ತದೆ: ಹೊರಗೆ ಸುಡುಬಿಸಿಲು, ಒಳಗೆ ತೇಗದ ಕಂಬಗಳ ನಡುವೆ ಮಬ್ಬು. ಜೆಪೆಗ್‌ನಲ್ಲಿ ಕಪ್ಪಾಗಿ ಮುಚ್ಚಿಹೋದ ಕಮಾನಿನ ಚಿತ್ತಾರವನ್ನು ರಾ ಕಡತದಿಂದ ಬಹುಮಟ್ಟಿಗೆ ಮರಳಿ ಪಡೆಯಬಹುದು. ಆದರೆ ಅದು ಹಲವು ಪಟ್ಟು ಜಾಗ ತಿನ್ನುತ್ತದೆ.

ಜೋಡಿಯನ್ನು ಗುರುತಿಸಲು ತಂತ್ರಾಂಶಗಳು ಕಡತದ ಹೆಸರನ್ನೋ ತೆಗೆದ ಸಮಯವನ್ನೋ ಹೋಲಿಸುತ್ತವೆ. ಡಿಜಿಕ್ಯಾಮ್ ತಂತ್ರಾಂಶದಲ್ಲಿ ಎರಡೂ ಬಗೆ ಇವೆ. ಹೆಸರನ್ನೇ ನೆಚ್ಚುವಲ್ಲಿ ಒಂದನ್ನಷ್ಟೇ ಮರುಹೆಸರಿಸಿದರೆ ಜೋಡಿ ಒಡೆಯುತ್ತದೆ. ಅಳಿಸುವ ಮುನ್ನ ಹೋಗುವುದು ಒಂದೇ ಕಡತವೋ ಎರಡೂ ಕಡತಗಳೋ ಎಂದು ನೋಡಿಕೊಳ್ಳಬೇಕು.